ಮಡಿಯಲ್ಲಿ ಬೆಳೆದ ಗಜ್ಜರಿ

ನನ್ನ ಗಂಟಲು ನನ್ನದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದರೊಳಗೆ ಊರಿನ ಅರ್ಧ ಮಂದಿ ಬಿಡಾರ ಹೂಡಿದ್ದಾರೆ. ಕಚೇರಿಯ ಪೇಶಕಾರ ಸಾಹೇಬರು ಪಾನ್ ಅಗಿಯುತ್ತ ಹುಕುಂ ಹೇಳುವ ದನಿ ಅಲ್ಲಿದೆ. ಮಠದ ಸ್ವಾಮಿಗಳು ಆಶೀರ್ವಾದದ ನಡುವೆ ಆಕಳಿಸಿ, ಆಕಳಿಕೆಯನ್ನೂ ಆಶೀರ್ವಾದದ ಲೆಕ್ಕಕ್ಕೇ ಸೇರಿಸುವ ದನಿ ಇದೆ. ಕೊಡ ಬಾವಿಗೆ ಬಿದ್ದಾಗಲೆಲ್ಲ ಸೊಸೆಯ ತವರನ್ನು ನೆನೆಯುವ ಎದುರುಮನೆಯ ಅತ್ತೆಯೂ ಅಲ್ಲೇ ಇದ್ದಾಳೆ. ಇವರಲ್ಲಿ ಯಾರನ್ನು ಬೇಕಾದರೂ ಕರೆಯಿರಿ, ತಕ್ಷಣ ಹೊರಗೆ ಬರುತ್ತಾರೆ. "ನಿನ್ನ ಸ್ವಂತ ದನಿ ಯಾವುದಪ್ಪಾ?" ಎಂದು ಕೇಳಿದರೆ ಮಾತ್ರ ನಾನು ಸ್ವಲ್ಪ ಹೊತ್ತು ಹುಡುಕಬೇಕಾಗುತ್ತದೆ.

ನಾನು ಹಿಡಿದ ಕೆಲಸವೂ ಇದಕ್ಕೆ ತಕ್ಕದ್ದೇ. ಉಮರ್ಗಾದ ಕಚೇರಿಯಲ್ಲಿ ನಾನು ನಕಲನವೀಸರ ಕೈಕೆಳಗಿನ ಉಮೇದವಾರ. ಅರ್ಜಿ, ಹುಕುಂ, ಫೈಸಲಾ, ಯಾವುದು ಬಂದರೂ ಅದರಂತೆ ಇನ್ನೊಂದು ಬರೆದು ಕೊಡುವುದು ನಕಲನವೀಸರ ಕೆಲಸ. ಅವರಂತೆ ಬರೆಯಲು ಕಲಿಯುವುದು ನನ್ನ ಕೆಲಸ. ಉಮೇದವಾರ ಎಂದರೆ ಕೆಲಸ ಇದೆ, ನೌಕರಿ ಇಲ್ಲ ಎಂದು ಅರ್ಥ. ಮೊದಲ ದಿನವೇ ನಮ್ಮ ಉಸ್ತಾದರು, ನಕಲು ಬರೆಯುವವನಿಗೆ ತಲೆ ಬೇಡ, ಕಣ್ಣು ಮತ್ತು ಕೈ ಇದ್ದರೆ ಸಾಕು, ಅಸಲಿನಲ್ಲಿ ಇದ್ದದ್ದೆಲ್ಲ ನಕಲಿನಲ್ಲಿ ಇರಬೇಕು ಎಂದು ಬುದ್ಧಿ ಹೇಳಿದ್ದರು. ನಾನೆಷ್ಟು ವಿಧೇಯನೆಂದರೆ, ಒಂದು ಅರ್ಜಿಯ ಮೂಲೆಯಲ್ಲಿ ಯಾರದೋ ಹೆಬ್ಬೆರಳಿನ ಎಣ್ಣೆಯ ಗುರುತು ಕಂಡು, ನನ್ನ ಬುತ್ತಿಯ ಉಪ್ಪಿನಕಾಯಿಗೆ ಹೆಬ್ಬೆರಳು ಅದ್ದಿ ನಕಲಿನ ಮೂಲೆಗೂ ಒತ್ತಿದ್ದೆ. ಉಸ್ತಾದರು ಆ ಕಾಗದವನ್ನು ಮೂಸಿ ನೋಡಿ, ನನ್ನನ್ನು ನೋಡಿ, ಮತ್ತೆ ಮೂಸಿ ನೋಡಿದರು. ಅಂದಿನಿಂದ ನನಗೆ ಬುದ್ಧಿ ಹೇಳುವುದನ್ನು ಬಿಟ್ಟಿದ್ದಾರೆ.

ಹೀಗೆ ಹಗಲು ಕಾಗದದ ನಕಲು, ಸಂಜೆ ಮಂದಿಯ ನಕಲು ಮಾಡಿಕೊಂಡು ಸುಖವಾಗಿದ್ದವನಿಗೆ ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ಗಂಡಾಂತರ ಬಂದದ್ದು ಗುರುಪಾದಯ್ಯನವರಿಂದ. ಇವರು ನಿಲಂಗಾದವರು. ನಮ್ಮ ಹಾಗೆಯೇ ಅಯ್ಯನವರ ಮನೆತನ. ಆದರೆ ನಮ್ಮ ಅಪ್ಪ ಊರ ಮನೆಗಳ ಪೂಜೆಯನ್ನು ನಂಬಿಕೊಂಡರೆ ಅವರು ಹೊಲವನ್ನು ನಂಬಿಕೊಂಡವರು. ಅವರ ಮಗಳು ಮಹಾದೇವಿಯನ್ನು ನಾನು ಉದಗೀರಿನಲ್ಲಿ ಒಂದು ಮದುವೆಯಲ್ಲಿ ನೋಡಿದ್ದೆ. ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದ ಹಿರಿಯರೊಬ್ಬರು, ತುಪ್ಪ ಕಡಿಮೆ ಬೀಳಲೆಂದು ಎಲೆ ಎಲೆಗೂ ಗಿಂಡಿಯನ್ನು ಬಗ್ಗಿಸಿದಂತೆ ಮಾಡಿ ಮುಂದೆ ಓಡುತ್ತಿದ್ದರು. ಅವರ ಹಿಂದೆಯೇ ಸಾರಿನ ಪಾತ್ರೆ ಹಿಡಿದು ನಾನೂ ಹಾಗೆಯೇ ಓಡಿದೆ. ಇಡೀ ಸಾಲಿಗೆ ಸಾರು ಸಿಗಲಿಲ್ಲವೇ ಹೊರತು ನಕಲು ಯಾರಿಗೂ ತಿಳಿಯಲಿಲ್ಲ. ಕಂಬದ ಹಿಂದೆ ಮಾತ್ರ ಒಬ್ಬಳು ಕಿಸಕ್ಕೆಂದು ನಕ್ಕಳು. ನಾನು ಹುಬ್ಬೇರಿಸಿ ನೋಡಿದೆ. ಅವಳು ನಗು ನಿಲ್ಲಿಸಿ, ಕತ್ತನ್ನು ನನ್ನಷ್ಟೇ ವಾಲಿಸಿ, ನನ್ನ ಹಾಗೆಯೇ ಹುಬ್ಬೇರಿಸಿ ನಿಂತುಬಿಟ್ಟಳು. ನಕಲಿಗನ ನಕಲು! ಆ ಕ್ಷಣವೇ ನನ್ನ ಮಟ್ಟಿಗೆ ಫೈಸಲಾ ಆಗಿಹೋಯಿತು. ಮನೆಗೆ ಬಂದು ಅಜ್ಜಿಯ ಕಿವಿಯಲ್ಲಿ ಹೇಳಿದೆ. ಅಜ್ಜಿ, ಅಂದರೆ ನಾವೆಲ್ಲ ಆಯಿ ಎಂದು ಕರೆಯುವವಳು, ಅಪ್ಪನ ಕಿವಿಯಲ್ಲಿ ಹೇಳಿದಳು. ಹೀಗೆ ಕಿವಿಯಿಂದ ಕಿವಿಗೆ ದಾಟಿದ ಸುದ್ದಿ ನಿಲಂಗಾ ಮುಟ್ಟಿ, ದಸರೆಯಾದ ಮೇಲೆ ಗುರುಪಾದಯ್ಯನವರು ವರನನ್ನು ನೋಡಲು ನಮ್ಮ ಮನೆಗೆ ಬಂದರು.

ದೇವರು ಅವರನ್ನು ನಕಲಿಗರಿಗೆಂದೇ ಮಾಡಿ ಕಳಿಸಿದ್ದ. ಮಾತಿಗೆ ಮೊದಲು ಮೂರು ಸಲ "ಹ್ಞುಂ, ಹ್ಞುಂ, ಹ್ಞುಂ" ಎಂದು ಗಂಟಲು ಸರಿಪಡಿಸಿಕೊಳ್ಳುವರು, ಆಮೇಲೆ ಕಿವಿಯ ಹಾಲೆ ಎಳೆಯುವರು, ಮಾತು ಮುಗಿದ ಮೇಲೆ "ಖರೆ ಹೌದಿಲ್ಲೋ?" ಎಂದು ಕೇಳಿ, ಎದುರಿಗಿದ್ದವರು "ಹೌದ್ರೀ" ಎನ್ನುವವರೆಗೆ ಬಿಡರು. ಊಟವಾಗುವ ತನಕ ನಾನು ಹಲ್ಲು ಕಚ್ಚಿ ತಡೆದುಕೊಂಡೆ. ಊಟವಾದ ಮೇಲೆ ಹಿತ್ತಲಿಗೆ ಓಡಿದೆ. ಗೋಡೆಯಾಚೆ ನಮ್ಮ ನೆರೆಯ ರೈತ ಮಾಣಿಕಪ್ಪ ತನ್ನ ಗಜ್ಜರಿ ಪಾತಿ ಅಗೆಯುತ್ತಿದ್ದ. ಅವನೆದುರು ಮೂರು ಹ್ಞುಂಕಾರ, ಕಿವಿ, ಖರೆ ಹೌದಿಲ್ಲೋ, ಎಲ್ಲವನ್ನೂ ತೆಗೆದು ತೋರಿಸಿದೆ. ಮಾಣಿಕಪ್ಪ ಸಲಿಕೆ ಹಿಡಿದುಕೊಂಡು ನಕ್ಕ. ಆಮೇಲೆ ಅವನ ನಗು ಅರ್ಧಕ್ಕೇ ನಿಂತು, ಬಾಯಿ ಮಾತ್ರ ತೆರೆದೇ ಉಳಿಯಿತು. ನಾನು ತಿರುಗಿ ನೋಡಿದೆ. ಕೈ ತೊಳೆಯಲು ಬಂದ ಗುರುಪಾದಯ್ಯನವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಗಂಟಲ ಬರೋಬ್ಬರಿ ಬಂದದ," ಎಂದರು ಅವರು ಶಾಂತವಾಗಿ. "ಕಿವಿ ಮಾತ್ರ ಎಡಗಡಿದು ಹಿಡೀಬೇಕು. ನೀ ಬಲಗಡಿದು ಹಿಡದಿ. ಖರೆ ಹೌದಿಲ್ಲೋ?"

"ಹೌದ್ರೀ," ಎಂದೆ ನಾನು.

"ಗಂಟಲ ನೋಡಿದಂಗಾಯ್ತು. ಇನ್ನ ಕೈ ನೋಡಬೇಕು. ಭೂಮಿ ಮುಂದ ಈ ನಕಲಿ ಆಟ ನಡಿಯಂಗಿಲ್ಲ ಬಸಲಿಂಗಯ್ಯಾ. ಈ ಹಿತ್ತಲದಾಗ ಒಂದು ಮಡಿ ಗಜ್ಜರಿ ಹಾಕು. ವೇಳ ಅಮಾಸಿಗಿ ನಾ ಲೋಹಾರಾಕ್ಕ ನಮ್ಮ ಅಕ್ಕನ ಮನಿಗಿ ಹೋಗಾಂವ ಇದ್ದೀನಿ, ಹಾದ್ಯಾಗ ಇಲ್ಲಿ ಇಳೀತೀನಿ. ನಿನ್ನ ಕೈಲಿಂದ ಬೆಳದ ಗಜ್ಜರಿ ಭಜ್ಜಿದಾಗ ಬಿತ್ತೋ, ಮಗಳ ಮಾತು ಆಡೋಣ. ಬೀಳಲಿಲ್ಲೋ, ಭಜ್ಜಿ ಉಂಡು ಎದ್ದು ಹೋಗ್ತೀನಿ. ಅಷ್ಟ."

ವೇಳ ಅಮಾವಾಸ್ಯೆಯ, ಅಂದರೆ ಎಳ್ಳಮಾವಾಸ್ಯೆಯ, ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿಯುವ ಭಜ್ಜಿಯಲ್ಲ. ಆ ಹೊತ್ತಿಗೆ ಹೊಲದಲ್ಲಿರುವ ಹಸಿ ಕಾಳು, ಸೊಪ್ಪು, ಗಜ್ಜರಿ ಎಲ್ಲವನ್ನೂ ಕಡಲೆ ಹಿಟ್ಟಿನಲ್ಲಿ ಕುದಿಸಿದ ಪಲ್ಯ. ನಮ್ಮ ಸೀಮೆಯಲ್ಲಿ ಅಂದು ಅದನ್ನು ಉಣ್ಣದವನು ಇಲ್ಲ. ನಾನು ಮಾತ್ರ ಅಂದು ಅದರೊಳಗೆ ಒಂದು ಗಜ್ಜರಿಯನ್ನೂ, ಗಜ್ಜರಿಯ ಜೊತೆಗೆ ನನ್ನ ಮದುವೆಯನ್ನೂ ಬೇಯಿಸಬೇಕಾಗಿತ್ತು.

ಬೇಸಾಯ ಬಾರದಿದ್ದರೇನು, ನಕಲು ಬರುತ್ತದಲ್ಲ! ಗೋಡೆಯಾಚೆ ಮಾಣಿಕಪ್ಪ, ಅಂದರೆ ಅಸಲು ಪ್ರತಿ, ಇದ್ದೇ ಇದ್ದ. ಅವನು ಸಲಿಕೆ ಎತ್ತಿದರೆ ನಾನೂ ಎತ್ತಿದೆ. ಅವನು ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡಿದರೆ ನಾನೂ ನೋಡಿದೆ. ಅವನು ತಂಬಾಕು ಉಗುಳಿದ ಕಡೆ, ತಂಬಾಕು ಇಲ್ಲದ ಕಾರಣ, ಬರಿದೇ ಉಗುಳಿದೆ. ಅವನ ಸಲಿಕೆ ಮೊಳದಷ್ಟು ಮಣ್ಣಿಗೆ ಇಳಿಯುತ್ತಿತ್ತು. ನನ್ನ ಸಲಿಕೆ ಅದೇ ಸದ್ದನ್ನು ಗೇಣಿನಲ್ಲೇ ಮಾಡಿ ಮುಗಿಸುತ್ತಿತ್ತು. ಅವನು ಕಲ್ಲು ಹೆಕ್ಕಿ ಎಸೆದ. ನಾನು ಎಸೆಯುವುದನ್ನು ಚೆನ್ನಾಗಿ ಮಾಡಿದೆ, ಹೆಕ್ಕುವುದನ್ನು ಅಷ್ಟಾಗಿ ಗಮನಿಸಲಿಲ್ಲ. ಬೀಜ ಉದುರಿಸಿ ನೀರು ಹೊಯ್ದದ್ದಾಯಿತು. ಆಮೇಲೆ ಮಾಣಿಕಪ್ಪ ಜೋಳದ ಒಣ ಎಲೆಗಳನ್ನು ತಂದು ಪಾತಿಯ ತುಂಬ ತೆಳ್ಳಗೆ ಹೊದಿಸಿದ.

"ಇದ್ಯಾಕೋ ಮಾಣಿಕಪ್ಪಾ?"

"ನಮ್ಮ ಕರಿ ಮಣ್ಣು ಒಣಗಿದ್ರ ಹಂಚಾಗ್ತದ್ರೀ ಸಣ್ಣ ಅಯ್ಯನೋರ. ಗಜ್ಜರಿ ಬೀಜ ಭಾಳ ನಾಜೂಕ. ಹಂಚು ಒಡದು ಮ್ಯಾಲ ಬರೋ ತಾಕತ್ತು ಅದಕ್ಕಿಲ್ಲ. ಮ್ಯಾಲ ಹೊದಿಕಿ ಇದ್ರ ಹಸಿ ನಿಲ್ತದ. ಏಕದಮ್ ಸೋಪಂ ಆಹೇ!" ಎಂದ. ಯಾವುದಾದರೂ ಬಹಳ ಸುಲಭ ಎಂದು ಹೇಳಬೇಕಾದಾಗ ಮಾಣಿಕಪ್ಪ ಮರಾಠಿಗೆ ಹೋಗುತ್ತಾನೆ.

ನಾನು ಅಪ್ಪನ ಬಳಿ ಹೋಗಿ ಎರಡು ಹೊರೆ ಜೋಳದ ಎಲೆ ಕೇಳಿದೆ. ಅಪ್ಪ ಎಮ್ಮೆಯನ್ನು ನೋಡಿದರು, ನನ್ನನ್ನು ನೋಡಿದರು. "ದನದ ಬಾಯಾಗಿಂದು ಕಸಗೊಂಡು ಗಜ್ಜರಿಗಿ ಹಾಸಗಿ ಹಾಸ್ತಿಯೇನು? ಎಮ್ಮಿ ಹಾಲು ಕೊಡ್ತದ. ನಿನ್ನ ಗಜ್ಜರಿ ಏನು ಕೊಡ್ತದ?" ಹೆಂಡತಿಯನ್ನು ಕೊಡುತ್ತದೆ ಎಂದು ಅಪ್ಪನೆದುರು ಹೇಳುವುದು ಹೇಗೆ? ಸುಮ್ಮನೆ ಒಳಗೆ ಬಂದೆ. ದೇವರ ಕೋಣೆಯ ಮೂಲೆಯಲ್ಲಿ ಎರಡು ದೊಡ್ಡ ಚೀಲ ಕಂಡವು.

ಅವುಗಳಲ್ಲಿದ್ದದ್ದು ಬಿಲ್ವಪತ್ರಿ. ಅಪ್ಪ ಪೂಜೆ ಮಾಡುವ ಮನೆಗಳಲ್ಲಿ, ಮಠದಲ್ಲಿ, ಲಿಂಗದ ಮೇಲೆ ಏರಿಸಿದ ಪತ್ರಿಯನ್ನು ಮರುದಿನ ತೆಗೆದು, ಕಾಲಿಗೆ ಸಿಗಬಾರದೆಂದು ಮನೆಗೆ ತಂದು ಕೂಡಿಡುತ್ತಾರೆ. ಚೀಲ ತುಂಬಿದ ಮೇಲೆ ಒಂದು ಸೋಮವಾರ ಬಿಲ್ವದ ಮರದ ಬುಡಕ್ಕೆ ಸುರಿದು ಬರುತ್ತಾರೆ. ಒಣಗಿ ಗರಿಗರಿಯಾದ, ಹಗುರವಾದ, ಸುವಾಸನೆಯ ಎಲೆ. ಎಮ್ಮೆಗೂ ಬೇಡ, ಮನುಷ್ಯರಿಗೂ ಬೇಡ. ಇದಕ್ಕಿಂತ ಒಳ್ಳೆಯ ಹೊದಿಕೆ ಗಜ್ಜರಿಗೆ ಬಾದಶಾಹರ ತೋಟದಲ್ಲೂ ಸಿಗಲಾರದು ಎನಿಸಿತು. ಎರಡೂ ಚೀಲ ಪಾತಿಯ ಮೇಲೆ ಸುರಿದು, ಮಾಣಿಕಪ್ಪನ ಹಾಗೆಯೇ ಕೈಯಾಡಿಸಿ, ಮಾಣಿಕಪ್ಪನ ಹಾಗೆಯೇ ಸೊಂಟ ಹಿಡಿದು ನಿಂತೆ.

ಹಿತ್ತಲ ಬಾಗಿಲಿಗೆ ಆಯಿ ಬಂದಳು. ನೋಡಿದಳು. ಎರಡೂ ಕೈ ತಲೆಯ ಮೇಲೆ ಹೋದವು.

"ಅಯ್ಯ ಮಂಗ್ಯಾ! ಶಿವನ ತಲಿ ಮ್ಯಾಗಿಂದು ತಂದು ಗಜ್ಜರಿ ತಲಿ ಮ್ಯಾಲ ಹಾಕ್ದ್ಯಾ?"

"ತಪ್ಪಾಯ್ತು ಆಯಿ, ಬಳದು ತಗೀತೀನಿ," ಎಂದು ಕಸಬರಿಗೆ ಎತ್ತಿಕೊಂಡೆ.

"ಕಸಬರಿಗಿ ಹಚ್ಚಿಗಿಚ್ಚೀ! ಪತ್ರಿಗಿ ಕಸಬರಿಗಿ ತಾಕಸಬಾರದು. ಕಾಲು ಇಡಬಾರದು. ಮೈ ತೊಳಕೊಳ್ದೆ ಹತ್ರ ಹೋಗಬಾರದು. ಬಿದ್ದಲ್ಲೇ ಮಣ್ಣಾಗಬೇಕು, ಅಲ್ಲೀ ತನಕ ಅದು ಮಡಿ."

ನಮ್ಮ ಭಾಷೆಯ ಮೇಲೆ ನನಗೆ ಸಿಟ್ಟು ಬಂದದ್ದು ಅಂದೊಂದೇ ದಿನ. ತರಕಾರಿ ಬೆಳೆಯುವ ಪಾತಿಗೂ ಮಡಿ ಎನ್ನುತ್ತೇವೆ, ಮುಟ್ಟಬಾರದ ಶುದ್ಧಕ್ಕೂ ಮಡಿ ಎನ್ನುತ್ತೇವೆ. ಗುರುಪಾದಯ್ಯನವರು ಕೇಳಿದ್ದು ಒಂದು ಮಡಿ. ನಾನು ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಇಟ್ಟು ಎರಡು ಮಡಿ ಮಾಡಿ ಕೂತಿದ್ದೆ.

ಮುಂದಿನ ಎರಡು ತಿಂಗಳು ನಾನು ಬಾಳಿದ ಬಾಳು ಯಾವ ಉಮೇದವಾರನಿಗೂ ಬೇಡ. ಆ ಚಳಿಯಲ್ಲಿ ಬೆಳಗಾಗುತ್ತಲೇ ತಣ್ಣೀರು ಸುರಿದುಕೊಂಡು, ಒದ್ದೆ ಧೋತರದಲ್ಲಿ ಹಲ್ಲು ಕಟಕಟಿಸುತ್ತ ಗಜ್ಜರಿಗೆ ನೀರು ಹಾಕಬೇಕು. ಕಳೆ ಬಂದರೆ ಕಾಲಿಟ್ಟು ಕೀಳುವ ಹಾಗಿಲ್ಲ. ಅದಕ್ಕಾಗಿ ಪಾತಿಯ ಎರಡೂ ಬದಿಗೆ ಕಲ್ಲಿಟ್ಟು, ಮೇಲೆ ಉದ್ದನೆಯ ಹಲಗೆ ಹಾಕಿ, ಅದರ ಮೇಲೆ ಬೋರಲಾಗಿ ಮಲಗಿ, ಎರಡೂ ಕಡೆ ಕೈ ಇಳಿಬಿಟ್ಟು ಒಂದೊಂದೇ ಕಳೆ ಕೀಳುತ್ತಿದ್ದೆ. ಗೋಡೆಯಾಚೆಯಿಂದ ಮಾಣಿಕಪ್ಪ, "ಅಯ್ಯನೋರ, ಹಲ್ಲಿ ಲೊಚಗುಟ್ಟಿದ್ರ ಶಕುನ ಅಂತಾರ, ನೀವೂ ಒಂದು ಸಲ ಲೊಚಗುಟ್ರಿ," ಎಂದು ಕೂಗುವನು. ಊರನ್ನೆಲ್ಲ ನಕಲು ಮಾಡಿದವನು ಕೊನೆಗೆ ಹಲ್ಲಿಯ ನಕಲಿಗೆ ಬಂದು ನಿಂತಿದ್ದೆ.

ಆದರೂ ಒಂದು ಮಾತು ಹೇಳಬೇಕು: ಪತ್ರಿಯ ಕೆಳಗೆ ಮಣ್ಣು ಹಸಿಯಾಗಿಯೇ ಇತ್ತು, ಸಸಿಗಳು ಎದ್ದವು. ಎಳೆ ಎಳೆಯಾದ ಹಸಿರು, ಒಣ ತ್ರಿದಳಗಳ ಸಂದಿನಿಂದ ಇಣುಕಿತು. ಮೊದಲ ಸಸಿ ಕಂಡ ದಿನ ಹಲಗೆಯ ಮೇಲೆ ಮಲಗಿದ್ದವನು ಯಾರ ದನಿಯಲ್ಲೂ ಏನೂ ಅನ್ನದೆ ಬಹಳ ಹೊತ್ತು ಸುಮ್ಮನೆ ನೋಡಿದೆ. ಗಿಡ ಬಲಿತಂತೆ ಗಜ್ಜರಿಗಳು ಮಣ್ಣಿನಿಂದ ಹೆಗಲು ಹೊರಗೆ ಹಾಕತೊಡಗಿದವು. ಆಯಿ ದೂರದಿಂದಲೇ ನೋಡಿ, "ಬಿಸಲು ಬಡದ್ರ ಹೆಗಲು ಹಸರಾಗಿ ಕಹಿ ಆಗ್ತಾವೋ. ಸೆರಗು ಹೊದಸು ಅವಕ್ಕ," ಎಂದಳು. ಸೆರಗು ಎಂದರೆ ಮತ್ತೆ ಹೊದಿಕೆ. ಹೊದಿಕೆ ಎಂದರೆ ಮತ್ತೆ ಪತ್ರಿ. ಮಡಿಯ ಮೇಲೆ ಬೇರೆ ಕಸ ಹಾಕಲು ಆಯಿ ಬಿಡಬೇಕಲ್ಲ!

ಚೀಲಗಳು ಖಾಲಿಯಾಗಿದ್ದವು. ಹಾಗಾಗಿ ನಾನು ಅಪ್ಪನ ಜೊತೆ ಬೆಳಗಿನ ಪೂಜೆಗೆ ಹೊರಟೆ. ಅಪ್ಪನಿಗೆ ಮೊದಲು ನಂಬಿಕೆಯಾಗಲಿಲ್ಲ, ಆಮೇಲೆ ಕಣ್ಣು ತೇವವಾದವು. ಯಜಮಾನರ ಮನೆಗಳಲ್ಲಿ ನಾನು ಕೈಮುಗಿದು ನಿಂತು, ಮಠದ ಸ್ವಾಮಿಗಳ ದನಿಯಲ್ಲಿ, "ಇನ್ನೊಂದು ಮುಷ್ಟಿ ಪತ್ರಿ ಏರಸ್ರಿ ತಾಯಿ, ಶಿವನಿಗಿ ಸಾಕಾಗಿಲ್ಲ," ಎಂದು ಹೇಳುತ್ತಿದ್ದೆ. ಆಕಳಿಕೆಯನ್ನೂ ಬಿಡುತ್ತಿರಲಿಲ್ಲ. ಜನ ಭಕ್ತಿಯಿಂದ ಏರಿಸಿದರು. ಅಪ್ಪ ಕಂಡಕಂಡವರೆದುರು, "ನಮ್ಮ ಬಸಲಿಂಗ ಹಾದಿಗಿ ಹತ್ಯಾನ್ರೀ," ಎಂದು ಹೇಳಿಕೊಂಡು ಓಡಾಡಿದರು. ನಾನು ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ.

ವೇಳ ಅಮಾವಾಸ್ಯೆಯ ಮುಂಜಾನೆ ಗುರುಪಾದಯ್ಯನವರ ಗಾಡಿ ಬಂತು. ಲೋಹಾರಾದ ಅತ್ತೆಯ ಮನೆಗೆಂದು ಮಹಾದೇವಿಯೂ ಜೊತೆಯಲ್ಲಿದ್ದಳು. ಅವಳನ್ನು ಆಯಿ ಒಳಗೆ ಕರೆದುಕೊಂಡು ಹೋದಳು. ಗುರುಪಾದಯ್ಯನವರು ನೀರು ಕೂಡ ಕುಡಿಯದೆ ನೇರವಾಗಿ ಹಿತ್ತಲಿಗೆ ನಡೆದರು. ಅಪ್ಪ ಹಿಂದೆ, ನಾನು ಅಪ್ಪನ ಹಿಂದೆ. ಗೋಡೆಯ ಮೇಲೆ ಮಾಣಿಕಪ್ಪನ ರುಮಾಲು ಆಗಲೇ ಮೂಡಿತ್ತು.

ಬೂಟಿನ ತುದಿಯಿಂದ ಮಣ್ಣು ಕೆದಕಿ ನೋಡಲೆಂದು ಕಾಲು ಎತ್ತಿದ ಗುರುಪಾದಯ್ಯನವರು, ಪತ್ರಿ ಕಂಡದ್ದೇ ಎತ್ತಿದ ಕಾಲನ್ನು ಹಾಗೆಯೇ ಹಿಂದೆ ತೆಗೆದುಕೊಂಡರು. ಬೂಟು ಕಳಚಿದರು. ಕೈಮುಗಿದರು.

"ಪತ್ರಿ ಹೊದಿಸೀರಿ?"

ಇಲ್ಲಿ ನನ್ನ ಗಂಟಲು ನನ್ನನ್ನು ಕೇಳದೆ ಸ್ವಾಮಿಗಳನ್ನು ಹೊರಗೆ ಕಳಿಸಿತು. "ಎಲ್ಲಾ ಶಿವಂದು ಅಲ್ಲೇನ್ರೀ. ಬೀಜಾ ಅವಂದು, ಭೂಮಿ ಅವಂದು, ಹೊದಿಕೀನೂ ಅವಂದ ಇರಲಿ ಅಂತ..." ಎಂದು ಕಣ್ಣು ಅರ್ಧ ಮುಚ್ಚಿದೆ.

ಅಪ್ಪ ಹೆಮ್ಮೆಯಿಂದ ಕೆಮ್ಮಿದರು. ಗುರುಪಾದಯ್ಯನವರು ಬಹಳ ಹೊತ್ತು ತಲೆದೂಗಿದರು. "ಹ್ಞುಂ, ಹ್ಞುಂ, ಹ್ಞುಂ. ನಾ ನಿನಗ ಸುಳ್ಳೇ ನಕಲಿ ಅಂದಿದ್ದೆ. ಎಂಥಾ ಭಕ್ತಿ! ಅಂದ ಮ್ಯಾಲ ಇದರಾಗಿನ ಗಜ್ಜರಿ ನಮ್ಮ ಭಜ್ಜಿಗಿ ಹೆಂಗ ಹಾಕಬೇಕು? ಶಿವಂದು ಶಿವಗೇ ಹೋಗಲಿ. ಎಲ್ಲಾ ಕಿತ್ತು ಮಠಕ್ಕ ಕಳಸ್ರಿ. ಖರೆ ಹೌದಿಲ್ಲೋ?"

ಅಪ್ಪ "ಹೌದ್ರೀ" ಎಂದುಬಿಟ್ಟರು!

ಒಲೆಯ ಮೇಲೆ ಭಜ್ಜಿ ಕುದಿಯುವ ವಾಸನೆ ಬರುತ್ತಿತ್ತು. ಅದರಲ್ಲಿ ಎಲ್ಲವೂ ಇತ್ತು, ಗಜ್ಜರಿಯೊಂದನ್ನು ಬಿಟ್ಟು. ಭಜ್ಜಿಯಲ್ಲಿ ಬಿದ್ದರೆ ಮಗಳ ಮಾತು ಎಂದಿದ್ದರೇ ಹೊರತು ಮಠಕ್ಕೆ ಹೋದರೆ ಎಂದಿರಲಿಲ್ಲ. ನನ್ನ ಭಕ್ತಿಯೇ ನನ್ನ ಮದುವೆಯನ್ನು ಬುಟ್ಟಿಯಲ್ಲಿ ತುಂಬಿ ಮಠಕ್ಕೆ ಸಾಗಿಸಲು ಹೊರಟಿತ್ತು. ನಾನು ಒಳಗೆ ಒಂದೊಂದೇ ದನಿಯನ್ನು ಹುಡುಕಿದೆ. ಪೇಶಕಾರ ಸಾಹೇಬರು ಉಪಯೋಗಕ್ಕೆ ಬರಲಿಲ್ಲ. ಸ್ವಾಮಿಗಳು ಮಾಡಿದ್ದು ಸಾಕಿತ್ತು. ಎದುರುಮನೆಯ ಅತ್ತೆ ಕೂಡ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಗೆ ಎಲ್ಲೋ ತಳದಲ್ಲಿದ್ದ, ಬಳಸದೆ ತುಕ್ಕು ಹಿಡಿದ ಒಂದು ಸಣ್ಣ ದನಿ ಹೊರಗೆ ಬಂತು.

"ಭಕ್ತಿ ಅಲ್ರೀ ಅದು. ಅಪ್ಪ ಜೋಳದ ಎಲಿ ಕೊಡ್ಲಿಲ್ಲ. ದೇವರ ಖೋಲ್ಯಾಗ ಎರಡು ಚೀಲ ಪತ್ರಿ ಕಂಡ್ವು, ಹಾಕಿದೆ. ಹಾಕಿದ ಮ್ಯಾಲ ಆಯಿ ಮಡಿ ಅಂದಳು."

ಅಪ್ಪನ ಮುಖ ನೋಡಬಾರದಿತ್ತು, ನೋಡಿದೆ. "ಹಂಗಾರ ನನ್ನ ಜೋಡಿ ಪೂಜಿಗಿ ಬಂದದ್ದು?" ಎಂದರು.

"ಪತ್ರಿ ಸಲುವಾಗಿ ರೀ ಅಪ್ಪ."

"ಇನ್ನೊಂದು ಮುಷ್ಟಿ ಏರಸ್ರಿ ಅಂದದ್ದು?"

"ಅದೂ ಪತ್ರಿ ಸಲುವಾಗೇ ರೀ."

ಮಾಣಿಕಪ್ಪನ ರುಮಾಲು ಗೋಡೆಯ ಹಿಂದೆ ಮೆಲ್ಲಗೆ ಮುಳುಗಿತು. ಗುರುಪಾದಯ್ಯನವರು ಗಂಟಲು ಸರಿಪಡಿಸಿಕೊಳ್ಳಲಿಲ್ಲ, ಕಿವಿಯನ್ನೂ ಎಳೆಯಲಿಲ್ಲ.

"ಈಗ ಮಾತಾಡಿದ ದನಿ ಯಾರದು?" ಎಂದು ಕೇಳಿದರು.

"ನಂದ ರೀ."

"ಇಷ್ಟ ದಿನ ಎಲ್ಲಿ ಇಟ್ಟಿದ್ದಿ ಅದನ್ನ? ಚಲೋ ಅದ ಅಲ್ಲ!"

ಅಷ್ಟರಲ್ಲಿ ಆಯಿ ಬಾಗಿಲಿಗೆ ಬಂದಳು. "ಗಂಡಸರೆಲ್ಲಾ ಎಷ್ಟೊತ್ತು ಗಜ್ಜರಿಗಿ ಕೈಮುಗದು ನಿಲ್ತೀರಿ? ಶಿವಗ ಏರಿಸಿದ್ದು ಪ್ರಸಾದ ಅಂತ ಉಂತೀವೋ ಇಲ್ಲೋ? ಮದಲ ಹಿಡಿ ದೇವರ ಮುಂದ ಇಡು, ಉಳದದ್ದು ಭಜ್ಜಿಗಿ ಕೊಡು. ಮ್ಯಾಗಿನ ಪತ್ರಿ ಕೈಲಿಂದ ಸರಸು. ತಳಗಿಂದು ಮಣ್ಣಾಗ್ಯಾದ, ಮಣ್ಣಿಗಿ ಎಲ್ಲಿ ಮಡಿ? ಲಗೂನ ಕೀಳು, ಹಿಟ್ಟು ಗಂಟಾಗಲತದ."

ನಾನು ಹಲಗೆ ಹಾಕಿ, ಎಲ್ಲರೆದುರು ಹಲ್ಲಿಯಾಗಿ ಮಲಗಿ, ಕೈ ಇಳಿಬಿಟ್ಟು ಎಳೆದೆ. ಮೊದಲನೆಯದು ಕೆಂಪಗೆ, ನೀಟಾಗಿ ಬಂತು. ಎರಡನೆಯದೂ ಬಂತು. ಮೂರನೆಯದು ಹೆಕ್ಕದೆ ಬಿಟ್ಟ ಯಾವುದೋ ಕಲ್ಲಿಗೆ ತಾಗಿ ಸೀಳಿ, ಎರಡು ಕಾಲು ಬಿಟ್ಟುಕೊಂಡು ಬೆಳೆದಿತ್ತು. ಕಾಲಿನ ಮೇಲೆ ದುಂಡಗಿನ ಹೊಟ್ಟೆ; ಮೇಲೆ, ಎಡಗಡೆಗೆ, ಎಳೆದು ಎಳೆದು ಉದ್ದವಾದ ಕಿವಿಯಂಥ ಒಂದು ಗಂಟು. ನಾನು ಅದನ್ನು ನೋಡಿದೆ. ಗುರುಪಾದಯ್ಯನವರೂ ನೋಡಿದರು. ಅಪ್ಪ ಆಕಾಶ ನೋಡಿದರು. ನಾನು ಒಂದು ಅಕ್ಷರ ಮಾತಾಡಲಿಲ್ಲ, ದೇವರಾಣೆ.

"ಹ್ಞುಂ, ಹ್ಞುಂ, ಹ್ಞುಂ."

ಎಲ್ಲರೂ ಗುರುಪಾದಯ್ಯನವರತ್ತ ತಿರುಗಿದೆವು. ಅವರ ತುಟಿ ಮುಚ್ಚಿದ್ದವು. ಹಿತ್ತಲ ಬಾಗಿಲಲ್ಲಿ, ಆಯಿಯ ಹೆಗಲ ಹಿಂದೆ, ಮಹಾದೇವಿ ಎಡಗಿವಿಯ ಹಾಲೆ ಹಿಡಿದುಕೊಂಡು ನಿಂತಿದ್ದಳು. ತಂದೆಯ ಕಣ್ಣಿಗೆ ಬಿದ್ದದ್ದೇ ಕಿವಿ ಬಿಟ್ಟು ಒಳಗೆ ಓಡಿದಳು.

ಗುರುಪಾದಯ್ಯನವರು ಬಾಗಿಲನ್ನು ನೋಡಿದರು, ಹಲಗೆಯ ಮೇಲಿದ್ದ ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ತಮ್ಮನ್ನು ನೋಡಿಕೊಂಡರು. ಆಮೇಲೆ ಅಪ್ಪನ ಕಡೆ ತಿರುಗಿ, "ನಾ ಇಷ್ಟ ದಿನ ಒಂದ ನಕಲು ಅದ ಅಂತ ತಿಳಕೊಂಡಿದ್ದೆ. ಎರಡು ಅವ. ಎರಡೂ ಕಾಗದದಂಗ ಒಂದ ಬಸ್ತಾದಾಗ ಕಟ್ಟಿ ನಿಮ್ಮ ಮನ್ಯಾಗೇ ಇಟ್ಟುಬಿಡೂದು ಚಲೋ. ಖರೆ ಹೌದಿಲ್ಲೋ?" ಎಂದರು.

"ಹೌದ್ರೀ!" ಎಂದು ಎಲ್ಲರಿಗಿಂತ ಮೊದಲು ಕೂಗಿದ್ದು ಗೋಡೆಯಾಚೆಯ ಮಾಣಿಕಪ್ಪ.

ಈಗ ನಮ್ಮ ಹಿತ್ತಲಲ್ಲಿ ಎರಡನೆಯ ವರ್ಷದ ಗಜ್ಜರಿ ಎದ್ದಿದೆ. ಹೊದಿಕೆಗೆ ನಾನು ಕೇಳದಿದ್ದರೂ ಅಪ್ಪ ಎರಡು ಹೊರೆ ಜೋಳದ ಎಲೆ ತಂದು ಹಾಕುತ್ತಾರೆ, ಹಾಕಿ ಹೋಗಿ ದೇವರ ಕೋಣೆಗೆ ಬೀಗ ಜಡಿಯುತ್ತಾರೆ. ಮಹಾದೇವಿ ಹಗಲು ಹೊತ್ತು ನೆರೆಹೊರೆಯ ಹೆಂಗಸರನ್ನು ಕೂಡಿಸಿಕೊಂಡು, ಹಲಗೆಯ ಮೇಲೆ ಬೋರಲು ಬಿದ್ದು, "ಭಕ್ತಿ ಅಲ್ರೀ ಅದು" ಎಂದು ಶುರುಮಾಡುತ್ತಾಳಂತೆ. ಕಚೇರಿಯಿಂದ ಬರುವ ನನ್ನನ್ನು ಕಂಡರೆ ಸಾಕು, ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಊರನ್ನು ನಗಿಸಿದವನಿಗೆ ಊರು ನಗುವುದು ಹೊಸದಲ್ಲ. ತಾನು ಏನೂ ಮಾಡದಿದ್ದರೂ ಅದು ನಗುವುದು ಮಾತ್ರ ಹೊಸದು.

ನಿನ್ನೆ ಸಂಜೆ ಈ ಬರಹವನ್ನು ಇಲ್ಲಿಯವರೆಗೆ ಅವಳಿಗೆ ಓದಿ ಹೇಳಿದೆ. "ಎಲ್ಲಾರ ದನಿ ಬರೋಬ್ಬರಿ ಬಂದಾವ ನೋಡ್ರಿ," ಎಂದಳು. "ಒಬ್ಬರದು ಮಾತ್ರ ಬಂದಿಲ್ಲ."

"ಯಾರದು? ನಿಮ್ಮ ಅಪ್ಪಂದಾ?"

"ಅಲ್ಲ. ನಿಮ್ದು." ಅವಳು ಎದ್ದು ನಿಂತು, ಹುಬ್ಬೇರಿಸಿ, ಕತ್ತು ವಾಲಿಸಿ, "ನನ್ನ ಗಂಟಲು ನನ್ನದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ..." ಎಂದು ಬಾಯಿಪಾಠವಾಗಿ ಶುರುಮಾಡಿದಳು. ಪಡಸಾಲೆಯಿಂದ ಅಪ್ಪ ಗದರಿದರು: "ಏ ಬಸಲಿಂಗಾ, ಸಣ್ಣ ದನೀಲೆ ಓದ್ಕೊಳ್ಳೋ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಹ್ಞೂಂ ರೀ ಅಪ್ಪ," ಎಂದು ಉತ್ತರ ಕೊಟ್ಟಳು. ಅಪ್ಪ ಸಮಾಧಾನವಾಗಿ ಮಗ್ಗಲು ತಿರುಗಿದ ಸದ್ದು ಕೇಳಿಸಿತು.